ನಮ್ಮ ಕರಾಟೆ ಮೇಷ್ಟ್ರು

ನಮ್ಮ ಕಾಲದಲ್ಲಿ ಕರಾಟೆ ತರಗತಿಗೆ ಸೇರಿ ಮೊದಲ ತಿಂಗಳಲ್ಲೇ ಬಿಟ್ಟವರು ಹಲವರಿದ್ದರು. ಅವರನ್ನು ಓಡಿಸಿದ್ದು ಪೆಟ್ಟಲ್ಲ, ಬೇಸರ. ಹಲಗೆ ಮುರಿಯುವ, ಹಾರಿ ಒದೆಯುವ ಆಸೆ ಹೊತ್ತು ಬಂದ ಹುಡುಗರನ್ನು ಮೇಷ್ಟ್ರು ವಾರಗಟ್ಟಲೆ ಬರಿದೇ ನಿಲ್ಲಿಸುತ್ತಿದ್ದರು. ಝೆನ್‌ಕುತ್ಸು ದಾಚಿ ಎಂಬ ನಿಲುವಿನಲ್ಲಿ ಮೈಭಾರದ ಅರ್ಧಕ್ಕಿಂತ ಹೆಚ್ಚು ಪಾಲು ಮುಂಗಾಲಿನ ಮೇಲಿರಬೇಕು, ಮುಂದಿನ ಮಂಡಿ ಚೆನ್ನಾಗಿ ಬಾಗಿರಬೇಕು, ಹಿಂಗಾಲಿನ ಹಿಮ್ಮಡಿ ನೆಲ ಬಿಡಬಾರದು. ಮೇಷ್ಟ್ರು ಬರಿಗಾಲಲ್ಲಿ ಸಾಲುಗಳ ನಡುವೆ ನಡೆದು ಬಂದು, ಮಾತಿಲ್ಲದೆ, ತಮ್ಮ ಹೆಬ್ಬೆರಳನ್ನು ನಮ್ಮ ಹಿಮ್ಮಡಿಯ ಕೆಳಗೆ ತೂರಿಸಿ ನೋಡುತ್ತಿದ್ದರು. ಬೆರಳು ಒಳಗೆ ಹೋಯಿತೆಂದರೆ ಇಡೀ ಸಾಲು ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿತ್ತು.

ಇದು ಶಿಸ್ತಿಗಾಗಿ ಮಾಡಿಸಿದ ಶಿಸ್ತಲ್ಲ ಎಂಬುದು ಗುದ್ದು ಕಲಿಯುವಾಗ ತಿಳಿಯಿತು. ಗ್ಯಾಕು ಝುಕಿಯಲ್ಲಿ, ಅಂದರೆ ಹಿಂಗಾಲಿನ ಬದಿಯ ಕೈಯಿಂದ ಹೊಡೆಯುವ ಗುದ್ದಿನಲ್ಲಿ, ಹಿಂದಿನ ಕಾಲು ನೆಲವನ್ನು ಒತ್ತುತ್ತದೆ, ಆ ಒತ್ತು ಸೊಂಟವನ್ನು ತಿರುಗಿಸುತ್ತದೆ, ಸೊಂಟದ ತಿರುವು ಭುಜದ ಮೂಲಕ ಸಾಗಿ ಮುಷ್ಟಿಯನ್ನು ತಲುಪುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕೈ ಸೊಂಟದ ಪಕ್ಕಕ್ಕೆ ಸರಿಯುತ್ತದೆ. ಹಿಮ್ಮಡಿ ಎದ್ದಿದ್ದರೆ ಈ ಸರಪಳಿ ಬುಡದಲ್ಲೇ ಕಳಚುತ್ತದೆ. ದಪ್ಪ ತೋಳಿನ ಹುಡುಗನೊಬ್ಬನ ಗುದ್ದಿಗಿಂತ ಸಣಕಲು ಹುಡುಗಿಯೊಬ್ಬಳ ಗುದ್ದಿಗೆ ಪ್ಯಾಡ್ ಹೆಚ್ಚು ಅದುರುವುದನ್ನು ನಾವೆಲ್ಲ ಬೆರಗಿನಿಂದ ನೋಡಿದ್ದೇವೆ.

ಮೇಷ್ಟ್ರು ಹಗಲು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು, ಸಂಜೆ ಕಲಿಸುತ್ತಿದ್ದರು. ಹರೆಯದಲ್ಲಿ ಸ್ಪರ್ಧೆಗಳಲ್ಲಿ ಗೆದ್ದಿದ್ದರೆಂದು, ಮಂಡಿಯ ಗಾಯದಿಂದ ಆ ದಾರಿ ಮುಚ್ಚಿತೆಂದು ಹಿರಿಯ ವಿದ್ಯಾರ್ಥಿಗಳಿಂದ ಕೇಳಿದ್ದೆವೇ ಹೊರತು ಅವರು ಬಾಯಿಬಿಟ್ಟು ಹೇಳಿದ್ದಿಲ್ಲ. ತಮ್ಮ ಬಗ್ಗೆ ಮಾತನಾಡದ ಅವರು ಗಿಚಿನ್ ಫುನಾಕೋಶಿಯವರ ಬಗ್ಗೆ ಮಾತ್ರ ದಣಿವಿಲ್ಲದೆ ಹೇಳುತ್ತಿದ್ದರು. ಒಕಿನಾವಾದ ಶುರಿಯಲ್ಲಿ 1868ರಲ್ಲಿ ಹುಟ್ಟಿ, 1922ರಲ್ಲಿ ಟೋಕಿಯೊದಲ್ಲಿ ಕರಾಟೆಯ ಪ್ರದರ್ಶನ ನೀಡಿ, ಆ ವಿದ್ಯೆ ಜಪಾನಿನ ಮುಖ್ಯಭೂಮಿಯಲ್ಲಿ ಬೇರೂರಲು ಕಾರಣರಾದ ಫುನಾಕೋಶಿ ಮೂಲತಃ ಶಾಲಾ ಮೇಷ್ಟ್ರು ಎಂಬುದು ಅವರಿಗೆ ವಿಶೇಷ ಹೆಮ್ಮೆಯ ಸಂಗತಿಯಾಗಿತ್ತು.

ಕರಾಟೆಯಲ್ಲಿ ಮೊದಲ ಏಟು ಇಲ್ಲ ಎಂಬ ಫುನಾಕೋಶಿಯವರ ಮಾತನ್ನು ಗೋಡೆಗೆ ತೂಗುಹಾಕುವ ತರಗತಿಗಳುಂಟು. ನಮ್ಮ ಮೇಷ್ಟ್ರು ಅದನ್ನು ಹೇಳಲೂ ಇಲ್ಲ. ಎದುರಾಳಿಯಿಲ್ಲದೆ ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿಗಳಾದ ಐದು ಹೆಯಾನ್ ಕಟಾಗಳನ್ನು ಕಲಿತು ಮುಗಿಸಿದ ದಿನ, ಪ್ರತಿಯೊಂದರ ಮೊದಲ ಚಲನೆಯನ್ನಷ್ಟೇ ಮಾಡಿ ತೋರಿಸಲು ಹೇಳಿದರು. ಮಾಡಿದೆವು. ಐದೂ ತಡೆಗಳೇ, ಒಂದೂ ಹೊಡೆತದಿಂದ ಶುರುವಾಗುವುದಿಲ್ಲ. ಅವರು ತಲೆಯಾಡಿಸಿ ಅಂದಿನ ಪಾಠ ಮುಗಿಸಿದರು.

ಇಬ್ಬರು ಎದುರುಬದುರಾಗಿ ಸೆಣಸುವ ಕುಮಿಟೆಯಲ್ಲಿ ಅವರ ನಿಷ್ಠುರತೆ ಇನ್ನೂ ಹೆಚ್ಚು. ಪೂರ್ಣ ವೇಗದಲ್ಲಿ ಹೊರಟ ಮುಷ್ಟಿ ಎದುರಾಳಿಯ ಗದ್ದದಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಅದು ಬಲವಲ್ಲ, ಹತೋಟಿ ತಪ್ಪಿದ್ದು ಎಂಬುದು ಅವರ ಲೆಕ್ಕ. ಬ್ರೌನ್ ಬೆಲ್ಟ್ ಹುಡುಗನೊಬ್ಬ ಕಿರಿಯನ ತುಟಿ ಒಡೆದಾಗ ಮೇಷ್ಟ್ರು ಬೈಯಲಿಲ್ಲ, ಹೊರಗೂ ಹಾಕಲಿಲ್ಲ. ಮರುದಿನದಿಂದ ಬಿಳಿ ಬೆಲ್ಟಿನ ಚಿಕ್ಕ ಮಕ್ಕಳಿಗೆ ನಿಲುವು ಕಲಿಸುವ ಕೆಲಸವನ್ನು ಅವನಿಗೆ ವಹಿಸಿದರು. ಆ ಮಕ್ಕಳ ನಡುವೆ ಮಂಡಿಯೂರಿ ಕೂತು ಹಿಮ್ಮಡಿ ಸರಿಪಡಿಸುತ್ತಿದ್ದ ಅವನ ಕೈ ಕೆಲವೇ ತಿಂಗಳಲ್ಲಿ ಹದಕ್ಕೆ ಬಂತು.

ಸ್ಪರ್ಧೆಗಳ ಬಗ್ಗೆ ಮಾತ್ರ ಮೇಷ್ಟ್ರು ಅತಿಯಾಗಿ ಬಿಗಿಯಾಗಿದ್ದರೆಂದು ನನಗೆ ಈಗಲೂ ಅನ್ನಿಸುತ್ತದೆ. ಅಂಕಗಳಿಗಾಗಿ ಆಡಿದವನ ನಿಲುವು ಕೆಡುತ್ತದೆಂಬ ಅವರ ಆತಂಕದಲ್ಲಿ ಹುರುಳಿದ್ದರೂ, ಪದಕ ಗೆಲ್ಲಬಲ್ಲ ಒಂದಿಬ್ಬರು ಅದರಿಂದಾಗಿ ಕಣಕ್ಕಿಳಿಯಲೇ ಇಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಮೊದಲ ಬಾರಿಗೆ ಸೇರಿದಾಗ ನಾವೆಲ್ಲ ಸಂಭ್ರಮಿಸಿ ಅವರಿಗೆ ಫೋನ್ ಮಾಡಿದೆವು; ಕಟಾ ಸ್ಪರ್ಧೆಯನ್ನಷ್ಟೇ ನೋಡಿದ್ದಾಗಿ ಹೇಳಿದರು. 2024ರ ಪ್ಯಾರಿಸ್ ಪಟ್ಟಿಯಿಂದ ಅದನ್ನು ಕೈಬಿಟ್ಟ ಸುದ್ದಿಗೆ ನಾವು ಬೇಸರಪಟ್ಟಾಗ, "ಹೋದರೆ ಹೋಗಲಿ ಬಿಡ್ರಪ್ಪಾ, ಸಂಜೆ ಕ್ಲಾಸಿಗೇನೂ ರಜೆ ಇಲ್ಲವಲ್ಲ" ಎಂದರು. ಈಗ ತರಗತಿ ನಡೆಸುತ್ತಿರುವವನು ಅಂದು ಕಿರಿಯನ ತುಟಿ ಒಡೆದಿದ್ದ ಆ ಬ್ರೌನ್ ಬೆಲ್ಟ್ ಹುಡುಗನೇ. ಮೇಷ್ಟ್ರು ಬೆಲ್ಟ್ ಪರೀಕ್ಷೆಯ ದಿನಗಳಲ್ಲಿ ಬಂದು ಕುರ್ಚಿಯಲ್ಲಿ ಕೂತು ಅಂಕ ಹಾಕುತ್ತಾರೆ, ಕೈಯಲ್ಲಂತೂ ಧಾರಾಳವಿಲ್ಲ.