ಊರಬಾಗಿಲಲ್ಲಿ ನಿಂತ ಅರಸ

ಭಾನುವಾರ, 9 ನವೆಂಬರ್ 2025

ಇಂದು ಆರಾಧನೆ ಮುಗಿಸಿ ಮನೆಗೆ ಬಂದವನು ಬೈಬಲಿನ ಸಮುವೇಲನ ಎರಡನೆಯ ಗ್ರಂಥದ 18ನೆಯ ಅಧ್ಯಾಯವನ್ನು ಮತ್ತೆ ಮತ್ತೆ ಓದುತ್ತ ಕುಳಿತುಬಿಟ್ಟೆ. ತಲೆಗೆ ಮುಸುಕು ಹಾಕಿಕೊಂಡು, ಬರಿಗಾಲಿನಲ್ಲಿ, ಅಳುತ್ತಲೇ ಎಣ್ಣೆಮರಗಳ ಗುಡ್ಡವನ್ನೇರಿ ಯೆರೂಸಲೇಮನ್ನು ತೊರೆದ ಇಸ್ರಾಯೇಲರ ಅರಸ ದಾವೀದನು, ಯೊರ್ದನ್ ಹೊಳೆ ದಾಟಿ ಮಹನಯಿಮಿನಲ್ಲಿ ನೆಲೆನಿಂತು, ತನ್ನ ಮೇಲೆ ದಂಗೆಯೆದ್ದ, ತಾನು ಹೆತ್ತ ಮಗ ಅಬ್ಷಾಲೋಮನ ವಿರುದ್ಧವೇ ಯುದ್ಧಕ್ಕೆ ಅಣಿಯಾಗುವ ಭಾಗವದು.

ಆ ಸಿದ್ಧತೆಯಲ್ಲಿ ಎಲ್ಲಿಯೂ ಅವನ ಕೈ ನಡುಗಿದಂತೆ ಕಾಣುವುದಿಲ್ಲ. ಜನರನ್ನು ಎಣಿಸಿ, ಸಾವಿರ ಮಂದಿಗೊಬ್ಬ, ನೂರು ಮಂದಿಗೊಬ್ಬ ನಾಯಕನನ್ನು ನೇಮಿಸಿ, ಸೈನ್ಯವನ್ನು ಮೂರು ಪಾಲು ಮಾಡಿ ಯೋವಾಬ, ಅಬೀಷೈ, ಗತ್ ಊರಿನ ಇತ್ತೈ ಇವರ ಕೈಗೆ ಒಪ್ಪಿಸುತ್ತಾನೆ. ಇತ್ತೈ ಹೊರನಾಡಿನವನು. ಯೋವಾಬ, ಅಬೀಷೈ ಇಬ್ಬರೂ ದಾವೀದನ ಸಹೋದರಿ ಚೆರೂಯಳ ಮಕ್ಕಳು. ಅತ್ತ ಅಬ್ಷಾಲೋಮನ ಸೇನಾಪತಿ ಅಮಾಸನು ಇನ್ನೊಬ್ಬ ಸಹೋದರಿ ಅಬೀಗೈಲಳ ಮಗ. ಎರಡೂ ದಂಡುಗಳಿಗೆ ಒಬ್ಬನೇ ಸೋದರಮಾವ! ಇಷ್ಟು ವರ್ಷ ಓದಿಯೂ ಇದನ್ನು ಗಮನಿಸದೆ ಹೋಗಿದ್ದೆ.

ತಾನೂ ಹೊರಡುತ್ತೇನೆಂದ ಅರಸನನ್ನು ಜನ ತಡೆದು, ನೀನು ನಮ್ಮಂಥ ಹತ್ತು ಸಾವಿರ ಮಂದಿಗೆ ಸಮ ಎಂದರು. ಅವನು ಊರಬಾಗಿಲ ಬಳಿ ನಿಂತ. ನೂರು ನೂರಾಗಿ, ಸಾವಿರ ಸಾವಿರವಾಗಿ ಜನ ಅವನ ಕಣ್ಣೆದುರೇ ಹೊರಟರು. ಆಗ ಮೂವರು ನಾಯಕರಿಗೂ ಅವನು ಕೊಟ್ಟ ಅಪ್ಪಣೆ ಒಂದೇ: ನನಗೋಸ್ಕರ ಆ ಯುವಕ ಅಬ್ಷಾಲೋಮನ ವಿಷಯದಲ್ಲಿ ಮೆಲ್ಲಗೆ ನಡೆದುಕೊಳ್ಳಿ. ಎಲ್ಲ ಜನರೂ ಅದನ್ನು ಕೇಳಿಸಿಕೊಂಡರು ಎಂದು ಗ್ರಂಥ ಹೇಳುತ್ತದೆ.

ಆ 'ಮೆಲ್ಲಗೆ' ಎಂಬ ಮಾತು ನನ್ನನ್ನು ಬಿಡುತ್ತಿಲ್ಲ. ಅಣ್ಣ ಅಮ್ನೋನನನ್ನು ಕೊಲ್ಲಿಸಿ ಗೆಷೂರ್ ಎಂಬ ನಾಡಿಗೆ ಓಡಿಹೋದ ಮಗನನ್ನು 3 ವರ್ಷಗಳ ನಂತರ ಕರೆಸಿಕೊಂಡವನು, ಅದೇ ಯೆರೂಸಲೇಮಿನಲ್ಲಿ 2 ವರ್ಷ ಅವನಿಗೆ ಮುಖ ತೋರಿಸಲಿಲ್ಲ. ಮೃದುವಾದ ಮಾತು ಸಲ್ಲಬೇಕಾಗಿದ್ದ ಕಾಲ ಅದಾಗಿತ್ತು. ಕತ್ತಿ ಹಿಡಿದು ಹೊರಟವರ ಕಿವಿಗೆ ಅದನ್ನು ಹಾಕಿದರೆ ಉಳಿಯುವುದುಂಟೇ? ಎಫ್ರಾಯೀಮಿನ ಕಾಡಿನಲ್ಲಿ, ಮರದ ಕೊಂಬೆಗೆ ಸಿಕ್ಕಿ ನೇತಾಡುತ್ತಿದ್ದವನ ಎದೆಗೆ ಯೋವಾಬನೇ ಮೂರು ಈಟಿಗಳನ್ನು ತಿವಿದ.

ಓಡಿಬಂದ ಇಬ್ಬರು ದೂತರಿಗೂ ಅರಸ ಕೇಳಿದ್ದು, ಯುವಕ ಅಬ್ಷಾಲೋಮನು ಕ್ಷೇಮವೋ ಎಂದು ಮಾತ್ರ. ಹೀಬ್ರೂ ಮೂಲದಲ್ಲಿ ಕ್ಷೇಮಕ್ಕಿರುವ ಪದ 'ಶಾಲೋಮ್'. ಆ ಪದ ಮಗನ ಹೆಸರಿನೊಳಗೇ ಇದೆ. ಬೆಳಿಗ್ಗೆ ಅಪ್ಪಣೆ ಕೊಡುವಾಗಲೂ, ಸುದ್ದಿ ಕೇಳುವಾಗಲೂ 'ಆ ಯುವಕ' ಎಂದೇ ಅಂದವನು, ಸಾವು ತಿಳಿದ ಮೇಲೆ ಬಾಗಿಲ ಮೇಲಣ ಕೋಣೆಗೆ ಏರಿಹೋಗುತ್ತ, ಒಂದೇ ವಚನದಲ್ಲಿ ಐದು ಸಲ 'ನನ್ನ ಮಗನೇ' ಎಂದು ಗೋಳಾಡುತ್ತಾನೆ. ಗೆದ್ದು ಬಂದ ಸೈನಿಕರು ಅದನ್ನು ಕೇಳಿ, ಯುದ್ಧದಿಂದ ಓಡಿಬಂದವರಂತೆ ನಾಚಿಕೊಂಡು, ಸದ್ದಿಲ್ಲದೆ ಊರೊಳಗೆ ಸೇರಿಕೊಂಡರು.