ಸ್ಟ್ರಾಡಿವೇರಿಯಸ್ ರಹಸ್ಯ ಸಿಕ್ತಾ ಅಂತ ಕೇಳೋರಿಗೆಲ್ಲ

ಅಂಥ ಪಿಟೀಲು ಈಗ ಮಾಡಕ್ಕೆ ಆಗುತ್ತೆ. ಆಗಿದೆ. ಉತ್ತರ ಇಷ್ಟೇ.

ಪ್ರಶ್ನೆ ಗೊತ್ತಿಲ್ಲದೋರಿಗೆ ಹೇಳ್ತೀನಿ. ಸ್ಟ್ರಾಡಿವೇರಿಯಸ್ ಅಂದ್ರೆ ಇಟಲಿಯ ಕ್ರೆಮೋನಾ ಊರಿನ ಸ್ಟ್ರಾಡಿವಾರಿ ಅನ್ನೋನು ಮಾಡಿದ ಪಿಟೀಲು. ನಾನು ಹಗಲು ಹೊತ್ತು ಗಾಡಿ ಬಿಡಿಭಾಗಗಳು ಎಷ್ಟು ಅದುರ್ತವೆ ಅಂತ ಅಳೆಯೋ ಮೆಕ್ಯಾನಿಕಲ್ ಇಂಜಿನಿಯರ್, ರಾತ್ರಿ ಮತ್ತೆ ಭಾನುವಾರ ಪಿಟೀಲು ಕೆತ್ತೋನು, ಇದು ಗೊತ್ತಾದ ತಕ್ಷಣ ಮದುವೆ ಮನೆ, ಮುಂಜಿ ಮನೆ, ಲಿಫ್ಟು, ಎಲ್ಲಿ ಸಿಕ್ಕಿದ್ರೂ ಒಂದೇ ಮಾತು: "ಇಷ್ಟೆಲ್ಲಾ ಕಂಪ್ಯೂಟರು, ಲೇಸರು ಇದ್ರೂ 300 ವರ್ಷದ ಹಿಂದಿನ ಸ್ಟ್ರಾಡಿವೇರಿಯಸ್ ಥರದ್ದು ಇನ್ನೂ ಮಾಡಕ್ಕೆ ಆಗಿಲ್ವಂತೆ, ಆ ರಹಸ್ಯ ಏನು ಅಂತ ನಿಮಗಾದ್ರೂ ಗೊತ್ತಾಯ್ತಾ?"

ನನ್ನ ಸಿಟ್ಟೆಲ್ಲ ಆ "ಅಂತೆ" ಮೇಲೆ. ಯಾರು ಅಂದಿದ್ದು? ಕೇಳಿಸ್ಕೊಂಡು ಅಂದ್ರಾ, ಬೆಲೆ ನೋಡಿ ಅಂದ್ರಾ? ಇದನ್ನ ಕೂತು ಪರೀಕ್ಷೆ ಮಾಡಿದೋರಿದ್ದಾರೆ ಕಣ್ರೀ. 2010ರಲ್ಲಿ ಅಮೆರಿಕಾದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲೌಡಿಯಾ ಫ್ರಿಟ್ಜ್ ಅನ್ನೋ ವಿಜ್ಞಾನಿ, ಜೋಸೆಫ್ ಕರ್ಟಿನ್ ಅನ್ನೋ ಪಿಟೀಲು ತಯಾರಕ ಮತ್ತೆ ಅವರ ಜೊತೆಗಾರರು ಸೇರಿ 21 ಜನ ಪಿಟೀಲುವಾದಕರ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಹಳೇ ಮರದ ವಾಸನೆಯಿಂದ ಗುರುತು ಹತ್ತಬಾರದು ಅಂತ ಗದ್ದ ಇಡೋ ಜಾಗಕ್ಕೆ ಸೆಂಟು ಹಾಕಿ, ಮೂರು ಹೊಸ ಪಿಟೀಲು ಮೂರು ಹಳೇ ಇಟಾಲಿಯನ್ ಪಿಟೀಲು ಕೈಗೆ ಕೊಟ್ರು. ಎಲ್ಲದಕ್ಕಿಂತ ಕಮ್ಮಿ ಇಷ್ಟ ಆಗಿದ್ದು ಒಂದು ಸ್ಟ್ರಾಡಿವೇರಿಯಸ್. ಹೋಟೆಲ್ ರೂಮಲ್ಲಿ ಮಾಡಿದ್ರಿ, ದೊಡ್ಡ ಕಲಾವಿದರು ಇರ್ಲಿಲ್ಲ ಅಂತೆಲ್ಲ ತಕರಾರು ಬಂತು, ಸರಿ ಅಂತ 2012ರಲ್ಲಿ ಪ್ಯಾರಿಸ್ ಹತ್ರ ಹತ್ತು ಜನ ಸೋಲೋ ಕಲಾವಿದರನ್ನ ಕರೆಸಿ ಆರು ಹೊಸದು ಆರು ಹಳೇದು ಕೊಟ್ಟು, ಹಾಲ್‌ನಲ್ಲೂ ನುಡಿಸಿಸಿದ್ರು. ಹತ್ತರಲ್ಲಿ ಆರು ಜನ ಆರಿಸ್ಕೊಂಡಿದ್ದು ಹೊಸದನ್ನೇ. ಯಾವುದು ಹಳೇದು ಯಾವುದು ಹೊಸದು ಅಂತ ಹೇಳಿ ಅಂದ್ರೆ ನಾಣ್ಯ ಚಿಮ್ಮಿ ಹೇಳಿದಷ್ಟೇ ಸರಿ ಬಂತು.

ಇದನ್ನ ಹೇಳಿದ ಮೇಲೂ "ಆದ್ರೂ ಆ ವಾರ್ನಿಶ್‌ನಲ್ಲಿ ಏನೋ ಇತ್ತಂತಲ್ಲ" ಅಂತಾರೆ. 2009ರಲ್ಲಿ ಫ್ರಾನ್ಸ್‌ನಲ್ಲಿ ಐದು ಸ್ಟ್ರಾಡಿವೇರಿಯಸ್‌ಗಳ ವಾರ್ನಿಶ್ ಪರೀಕ್ಷೆ ಆಗಿದೆ, ಸಿಕ್ಕಿದ್ದು ಎಣ್ಣೆ, ಪೈನ್ ರಾಳ, ಒಂದಿಷ್ಟು ಬಣ್ಣ. ಆವಾಗಿನ ಚಿತ್ರಕಾರರೂ ಅದನ್ನೇ ಬಳಸ್ತಿದ್ರು. ಇನ್ನೊಂದು ಸಂಗತಿ ಯಾರೂ ಹೇಳಲ್ಲ. ಈಗ ವೇದಿಕೆ ಮೇಲೆ ಕೇಳೋ ಸ್ಟ್ರಾಡಿವೇರಿಯಸ್‌ಗಳು ಹೆಚ್ಚುಕಮ್ಮಿ ಎಲ್ಲವೂ ರಿಪೇರಿ ಆದ ಗಾಡಿಗಳೇ. ಸ್ಟ್ರಾಡಿವಾರಿ ತೀರ್ಕೊಂಡಿದ್ದು 1737ರಲ್ಲಿ, ಆಮೇಲೆ ದೊಡ್ಡ ಹಾಲ್‌ಗಳು ಬಂದ ಹಾಗೆ ಕುತ್ತಿಗೆ ಬಿಚ್ಚಿ ಉದ್ದ ಮಾಡಿ ಹಿಂದಕ್ಕೆ ಓರೆ ಮಾಡಿದ್ರು, ಒಳಗೆ ಮುಂಭಾಗದ ಹಲಗೆಗೆ ಅಂಟಿಸಿರೋ ಮರದ ಪಟ್ಟಿ, ಬೇಸ್ ಬಾರ್, ಕಿತ್ತು ದಪ್ಪದ್ದು ಹಾಕಿದ್ರು, ಕರುಳಿನ ತಂತಿ ಹೋಗಿ ಸ್ಟೀಲು, ಸಿಂಥೆಟಿಕ್ಕು ಬಂತು. ಅಂದ್ರೆ ನೀವು ಹೊಗಳ್ತಿರೋ ನಾದದಲ್ಲಿ ಹೆಸರೇ ಇಲ್ಲದ ಎಷ್ಟೋ ಜನ ರಿಪೇರಿಯವರ ಇಂಜಿನಿಯರಿಂಗ್ ಇದೆ. ಹಾಗಂತ ಆ ಮನುಷ್ಯ ಸಾಮಾನ್ಯ ಅಂತಲ್ಲ, ಅವನ ಕೈಕೆಲಸದ ಫೋಟೋ ನೋಡ್ತಾ ನಾನು ರಾತ್ರಿಗಟ್ಟಲೆ ಕೂತಿದ್ದೀನಿ. ಅದಕ್ಕೇ ಅದನ್ನ ಮಂತ್ರ ಮಾಯ ಮಾಡಿದ್ರೆ ನನಗೆ ನೋವಾಗುತ್ತೆ.

ಎರಡು ವರ್ಷದ ಹಿಂದೆ ಮೈಸೂರಲ್ಲಿ ಒಂದು ಗೃಹಪ್ರವೇಶ. ಪಂಕ್ತೀಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು, ಅವರೂ ಇಂಜಿನಿಯರಾಗಿ ರಿಟೈರ್ ಆದೋರು, "ಸ್ಕ್ಯಾನ್ ಮಾಡಿ ಮೆಷಿನ್‌ಗೆ ಹಾಕಿ ಹೊಡೆದುಬಿಟ್ರೆ ಕಾಪಿ ರೆಡಿ ಅಲ್ವೇನಯ್ಯಾ, ಕೈಯಲ್ಲಿ ಕೆರ್ಕೊಂಡು ಯಾಕೆ ಕೂತಿದೀಯ" ಅಂದ್ರು. ನಾನು ಊಟ ಬಿಟ್ಟು ಅವರ ಮುಂದಿನ ಬಾಳೆ ಎಲೆ ತುದಿ ಹಿಡ್ಕೊಂಡು ಗೆರೆ ಗುಂಟ ಎಳೆದೆ, ಸರ್ರಂತ ಸೀಳ್ತು. ಗೆರೆಗೆ ಅಡ್ಡ ಎಳೀರಿ ನೋಡೋಣ ಅಂದೆ. ಬಡಿಸೋರು ಹುಳಿ ಸೌಟು ಹಿಡ್ಕೊಂಡು ನಿಂತೇ ಇದ್ರು. ಮರಾನೂ ಹಾಗೇ ಸಾರ್ ಅಂದೆ. ಪಿಟೀಲಿನ ಮುಂಭಾಗದ ಸ್ಪ್ರೂಸ್ ಮರದಲ್ಲಿ ಎಳೆ ಗುಂಟ ಶಬ್ದ ಸೆಕೆಂಡಿಗೆ 5000 ಮೀಟರ್‌ಗಿಂತ ಜಾಸ್ತಿ ಓಡುತ್ತೆ, ಎಳೆಗೆ ಅಡ್ಡ ಅದರ ಕಾಲು ಭಾಗದ ಆಸುಪಾಸು, ಆ ಪ್ರಮಾಣ ಹಲಗೆಯಿಂದ ಹಲಗೆಗೆ ಬೇರೆ. ಸ್ಕ್ಯಾನು ಆಕಾರ ಕೊಡುತ್ತೆ, ಮರ ಕೊಡಲ್ಲ.

ಸುಮ್ನೆ ಬಾಯಿಮಾತಿಗೆ ಹೇಳಿದ್ದಲ್ಲ, ಮಾಡಿ ನೋಡಿದ್ದೀನಿ. ಸ್ನೇಹಿತನ ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಹೇಳಿದ ಹಾಗೆ ಕೆತ್ತೋ ಸಿಎನ್‌ಸಿ ಮೆಷಿನ್‌ನಲ್ಲಿ ಒಂದೇ ಡ್ರಾಯಿಂಗ್, ಒಂದೇ ದಪ್ಪ, ಎರಡು ಬೇರೆ ಹಲಗೆ, ಎರಡು ಮುಂಭಾಗ ತೆಗೆದೆ. ಒಂದು 61 ಗ್ರಾಂ, ಇನ್ನೊಂದು 74 ಗ್ರಾಂ. ಬೆರಳಲ್ಲಿ ತಟ್ಟಿದ್ರೆ ಸ್ವರವೇ ಬೇರೆ, ಅಡುಗೆ ಮನೇಲಿದ್ದ ಅಮ್ಮ ಕೂಡ "ಯಾವುದದು ಎರಡನೇದು, ಸತ್ತ ಹಾಗಿದೆ" ಅಂದ್ರು. ಆ 61 ಗ್ರಾಂದೂ ನೇರ ಮೆಷಿನ್ನಿಂದ ಬಂದ ಹಾಗೇ ಚೆನ್ನಾಗಿರಲಿಲ್ಲ. ಇಲ್ಲಿಂದಾನೇ ನನ್ನ ಕೆಲಸ ಶುರು. ಅಮೆರಿಕಾದ ಕಾರ್ಲೀನ್ ಹಚಿನ್ಸ್ ಅಂತ, ಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡ್ತಿದ್ದ ಹೆಂಗಸು, ಹಲಗೆ ಕೆಳಗೆ ಸ್ಪೀಕರ್ ಇಟ್ಟು ಮೇಲೆ ಪುಡಿ ಉದುರಿಸಿ ಕಂಪನ ಕಣ್ಣಿಗೆ ಕಾಣೋ ಹಾಗೆ ಮಾಡಿ ಪಿಟೀಲು ಹದ ಮಾಡೋದನ್ನ ಜಗತ್ತಿಗೆ ಕಲಿಸಿದ್ರು, ಮೂಲ ಉಪಾಯ 1787ರಷ್ಟು ಹಿಂದೆ ಜರ್ಮನಿಯ ಕ್ಲಾಡ್ನಿ ಪ್ರಕಟಿಸಿದ್ದು. ನಾನು ಮೊದಲು ರಂಗೋಲಿ ಪುಡಿ ಹಾಕ್ದೆ, ಅದು ಕಲ್ಲಿನ ಪುಡಿ, ಮರದೊಳಗೆ ಕೂತ್ಬಿಡುತ್ತೆ, ಈಗ ಟೀ ಪುಡಿ. ಸರಿಯಾದ ಸ್ವರಕ್ಕೆ ಬಂದಾಗ ಪುಡಿಯೆಲ್ಲ ಓಡೋಡಿ ಒಂದು ಉಂಗುರದ ಆಕಾರಕ್ಕೆ ನಿಲ್ಲುತ್ತೆ. ಎಷ್ಟು ಸಲ ನೋಡಿದ್ರೂ ಮೈ ಜುಂ ಅನ್ನುತ್ತೆ ನನಗೆ.

ಉಂಗುರ ಎಲ್ಲಿ ಮುರಿದಿದೆಯೋ ಅಲ್ಲಿ ಕೆರೆಯೋದು. ಎಷ್ಟು ಅನ್ನೋದೇ ಜೀವ ಹಿಂಡೋ ಭಾಗ, ಯಾಕಂದ್ರೆ ಹಲಗೆಯ ಬಿಗಿ ದಪ್ಪದ ಘನಕ್ಕೆ ಅನುಗುಣ: 3 ಮಿಲಿಮೀಟರ್ ಇದ್ದಿದ್ದು 2.7 ಆದ್ರೆ ತೂಕ ಹೋಗೋದು ಶೇ. 10, ಬಿಗಿ ಹೋಗೋದು ಶೇ. 27. ಒಂದು ಕೆರೆತ ಜಾಸ್ತಿ ಆದ್ರೆ ಆ ಮರ ವಾಪಸ್ ಬರಲ್ಲ. ಇದೆಲ್ಲ ಮಾಡಿ ಅಂಟಿಸಿದ ಮೇಲೂ ಬಿಡಿ ಹಲಗೆಯ ಸ್ವರ ಪೂರ್ತಿ ಪಿಟೀಲಿನ ನಾದವನ್ನ ಖಾತ್ರಿ ಮಾಡಲ್ಲ, ಒಳಗೆ ನಿಲ್ಲಿಸೋ ಸಣ್ಣ ಕಡ್ಡಿ, ಸೌಂಡ್ ಪೋಸ್ಟು, ಇಟಲಿಯವರು ಅದನ್ನ ಆತ್ಮ ಅಂತಾನೇ ಕರೀತಾರೆ, ಅದು ಕೂದಲೆಳೆಯಷ್ಟು ಸರಿದ್ರೂ ಎಲ್ಲ ಬದಲಾಗುತ್ತೆ. ಇಂಜಿನಿಯರಿಂಗ್ ಅಂದ್ರೆ ನನ್ನ ಪಾಲಿಗೆ ಇದು. ಈ ಹಲಗೆ ಯಾವುದು, ಇದಕ್ಕೇನು ಬೇಕು ಅಂತ ಅಳತೆ ಮಾಡಿ ಕೇಳೋದು. ಕೈಗೆ ಬದಲಾಗಿ ಮೆಷಿನ್ ಇಡೋದಲ್ಲ.

ಸರಿ. ಈಗ ನೀವು ಕೇಳದೇ ಇರೋ ಪ್ರಶ್ನೆಗೆ ಬರ್ತೀನಿ, ಇದಕ್ಕೋಸ್ಕರಾನೇ ಇಷ್ಟುದ್ದ ಬರೀತಿರೋದು. ಕ್ರೆಮೋನಾದ ರಹಸ್ಯ ಕೇಳೋ ನೀವು, ನಮ್ಮ ಶ್ರುತಿಗೆ ಅಂತ ಪಿಟೀಲು ಹೇಗಿರಬೇಕು ಅಂತ ಯಾಕ್ರೀ ಕೇಳಲ್ಲ?

ಪಾಶ್ಚಾತ್ಯ ಪಿಟೀಲಿನ ತಂತಿಗಳು ಜಿ, ಡಿ, ಎ, ಇ. ನಮ್ಮದು ಸ ಪ ಸ ಪ. ಗಂಡಸು ಹಾಡ್ತಾರೆ, ಒಂದೂವರೆ ಮನೆ ಶ್ರುತಿ, ಅಂದ್ರೆ ಷಡ್ಜ ಸಿ ಶಾರ್ಪ್, ಅನ್ಕೊಳ್ಳಿ, ಆಗ ಆ ಜಿ ತಂತಿ ಸಿ ಶಾರ್ಪ್‌ಗೆ ಇಳೀಬೇಕು, ಅದೇ ತಂತಿ ಇಟ್ಕೊಂಡ್ರೆ ಎಳೆತ ಸರಿಯಾಗಿ ಅರ್ಧ ಆಗುತ್ತೆ. ಅದಕ್ಕೇ ದಪ್ಪ ತಂತಿ ಹುಡುಕ್ತಾ ಅಲೀತಾರೆ ನಮ್ಮವರು. ಪೂರ್ತಿ ಎಳೆತಕ್ಕೆ ಅಂತ ಕೆತ್ತಿದ ಹಲಗೆ, ಅದರ ಮೇಲೆ ಅರ್ಧ ಭಾರ. ಇನ್ನೊಂದಿದೆ: ಪಿಟೀಲಿನ ಹೊಟ್ಟೆಯೊಳಗಿನ ಗಾಳಿಗೂ ಒಂದು ಸ್ವರ ಇರುತ್ತೆ, ಸುಮಾರು 270ರಿಂದ 280 ಹರ್ಟ್ಜ್. ಒಂದೂವರೆ ಮನೆಯ ಮಧ್ಯ ಷಡ್ಜ 277. ಅಂದ್ರೆ ನಮ್ಮ ಷಡ್ಜ ಹೋಗಿ ನೇರ ಆ ಗಾಳಿಯ ಮೇಲೇ ಕೂತ್ಕೊಳ್ಳುತ್ತೆ, ಷಡ್ಜ ಉಬ್ಬುತ್ತೆ, ಪಕ್ಕದ ರಿಷಭದಿಂದ ಗಮಕದಲ್ಲಿ ಜಾರ್ಕೊಂಡು ಬರುವಾಗ ನಡುವೆ ದನಿ ದಪ್ಪ ಆಗಿ ಮತ್ತೆ ತೆಳ್ಳಗಾಗುತ್ತೆ. ಒಂದೊಂದೇ ಸ್ವರ ಬಿಡಿಸಿ ನುಡಿಸೋ ಸಂಗೀತಕ್ಕಿಂತ ಜಾರೋ ಸಂಗೀತಕ್ಕೆ ಇದು ದೊಡ್ಡ ವಿಷಯ ಅಂತ ನನ್ನ ಅಭಿಪ್ರಾಯ.

ಪರಂಪರೆಗೆ ಕೈ ಹಾಕಬೇಡಿ ಅಂತ ಯಾರಾದ್ರೂ ಅಂದ್ರೆ ನಾನು ಮೈಸೂರು ಚೌಡಯ್ಯನವರ ಹೆಸರು ಹೇಳ್ತೀನಿ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಬೇಕು ಅಂತ ಮೂರು ತಂತಿ ಜಾಸ್ತಿ ಹಾಕಿ ಏಳು ತಂತಿ ಪಿಟೀಲು ಮಾಡ್ಕೊಂಡ್ರು. ಬಿರಡೆ ಜಾಸ್ತಿ, ತಂತಿಗಳನ್ನ ಹೊತ್ತು ನಿಲ್ಲೋ ಕುದುರೆ ಮೇಲೆ ಭಾರ ಜಾಸ್ತಿ, ಎಲ್ಲ ಲೆಕ್ಕ ಹಾಕ್ಲೇಬೇಕು, ಅದು ಇಂಜಿನಿಯರಿಂಗ್ ಅಲ್ದೆ ಮತ್ತೇನು? ಸಿ.ವಿ. ರಾಮನ್ ಅವರು 1918ರಲ್ಲಿ ಕಲ್ಕತ್ತಾದಲ್ಲಿ ಕೂತು ಕಮಾನು ಉಜ್ಜಿದ ತಂತಿ ಹೇಗೆ ಕಂಪಿಸುತ್ತೆ ಅಂತ ಇಡೀ ಸಿದ್ಧಾಂತ ಬರೆದ್ರು, ಇವತ್ತಿಗೂ ಪಿಟೀಲಿನ ಭೌತಶಾಸ್ತ್ರ ಓದೋರು ಅಲ್ಲಿಗೆ ಹೋಗಲೇಬೇಕು. ಇಷ್ಟಿದ್ದೂ ನಮ್ಮ ಮಕ್ಕಳ ಕೈಗೆ ಕೊಡೋದು ಬೇರೆ ಸಂಗೀತಕ್ಕೆ ಹದ ಮಾಡಿದ ಪೆಟ್ಟಿಗೆ, ಸಹಿಸ್ಕೊಳ್ಳೋದು ಮಗುವಿನ ಕಿವಿ.

ನನ್ನ ಮೇಜಿನ ಮೇಲೆ ಈಗ ಒಂದು ಪಿಟೀಲಿದೆ, ಅದೇ 61 ಗ್ರಾಂ ಮುಂಭಾಗ ಹದ ಮಾಡಿ ಹಾಕಿದ್ದು. ಪಕ್ಕದ ಪಟ್ಟಿಯ ಎತ್ತರ ಮಾಮೂಲಿ 30 ಮಿಲಿಮೀಟರ್ ಬದಲು 36 ಇಟ್ಟೆ, ಒಳಗಿನ ಗಾಳಿ ಜಾಸ್ತಿ ಆದ್ರೆ ಅದರ ಸ್ವರ ಕೆಳಗಿಳಿಯುತ್ತೆ ಅನ್ನೋ ಲೆಕ್ಕದಲ್ಲಿ. ಅಂಟಿಸಿ ಅಳೆದಾಗ 260 ಹರ್ಟ್ಜ್ ಬಂತು, ಷಡ್ಜದಿಂದ ಅರ್ಧ ಮನೆಯಷ್ಟು ಕೆಳಗೆ. ನಾದ ಹೇಗಿದೆ ಅಂತ ನಾನು ಹೇಳಲ್ಲ, ಮಾಡಿದೋನ ಕಿವಿ ನಂಬಬಾರದು. ಮುಂದಿನ ತಿಂಗಳು ವಿದ್ವಾಂಸರೊಬ್ಬರು ಬಂದು ಪರದೆ ಹಿಂದೆ ಕೂತು ಇದನ್ನೂ ತಮ್ಮ ತಂದೆ ಕಾಲದ ಜರ್ಮನ್ ಪಿಟೀಲನ್ನೂ ಒಂದೂವರೆ ಮನೆಗೆ ಸೇರಿಸಿ ಒಂದೇ ತೋಡಿ ಆಲಾಪನೆ ನುಡಿಸಕ್ಕೆ ಒಪ್ಪಿದ್ದಾರೆ, ಈ ಕಡೆ ಆರು ಜನ ಕೇಳೋರು, ಯಾವುದು ಯಾವುದು ಅಂತ ಅವರಿಗೆ ಗೊತ್ತಿರಲ್ಲ. ಯಾರು ಏನಂದ್ರು ಅಂತ ಬರೀತೀನಿ. ನನ್ನದು ಸೋತ್ರೂ ಬರೀತೀನಿ.