ಅಡಿಯಿಂದ ಮುಡಿಯವರೆಗೆ

ಮ್ಯಾಟ್ರಿಮನಿ ತಾಣದಲ್ಲಿ ಮೂರು ವರ್ಷ ಕುತ್ತಿಗೆಯವರೆಗಿನ ಚಿತ್ರವನ್ನಷ್ಟೇ ಹಾಕಿದ್ದ ನಾನು, ಪ್ರತಿ ಮೊದಲ ಭೇಟಿಯಲ್ಲೂ ಎದುರಿನವರ ಕಣ್ಣು ನನ್ನ ಮುಖದಿಂದ ಸೊಂಟಕ್ಕಿಳಿದು ಮತ್ತೆ ಮೇಲೇರುವ ಆ ಕ್ಷಣಕ್ಕಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಒಮ್ಮೆ ಜಯನಗರದ ಹೋಟೆಲೊಂದರಲ್ಲಿ, ನಾನು ಎರಡನೆಯ ಇಡ್ಲಿಯನ್ನು ಮುರಿಯುವಾಗ, “ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ?” ಎಂದು ಒಬ್ಬರು ಕೇಳಿದರು, ಅವರ ದನಿಯಲ್ಲಿದ್ದದ್ದು ಕಾಳಜಿಯೇ, ಅದೇ ಹೆಚ್ಚು ನೋಯಿಸಿತು.

ಎತ್ತರಕ್ಕೆ ತಕ್ಕ ತೂಕವೇ ಎಂದು ನಮ್ಮನ್ನು ಅಳೆಯುವ ಬಿಎಂಐ ಸೂತ್ರಕ್ಕೆ 1830ರ ದಶಕದಲ್ಲಿ ತಳಹದಿ ಹಾಕಿದ ಬೆಲ್ಜಿಯಂನ ಅಡಾಲ್ಫ್ ಕೆಟಲೆ ವೈದ್ಯರಲ್ಲ, ಜನಸಮೂಹದ ಸರಾಸರಿಯನ್ನು ಹುಡುಕಿದ ಗಣಿತಜ್ಞ. ಭಾರತೀಯರಿಗೆ ಬಿಎಂಐ 25ನ್ನೇ ಬೊಜ್ಜಿನ ಗಡಿಯೆನ್ನಲು ಸಕ್ಕರೆ ಕಾಯಿಲೆಯಂಥ ನಿಜವಾದ ಕಾರಣಗಳಿವೆ. ಆದರೂ ಆ ಅಂಕಿಯ ಮಾತು ವೈದ್ಯರೊಡನೆ ಆಗಬೇಕಾದದ್ದು, ಕಾಫಿ ಲೋಟದ ಎದುರಿನಲ್ಲಲ್ಲ.

ಕಳೆದ ಭಾನುವಾರ ಹಸಿರು ಇಳಕಲ್ ಸೀರೆಯುಟ್ಟು, ಅಕ್ಕನಿಂದ ಪೂರ್ಣ ಚಿತ್ರ ತೆಗೆಸಿ, ಹಳೆಯದನ್ನು ಅಳಿಸಿದ್ದೇನೆ.